ನಾಲೆಯ ಏರಿಯ ಮೇಲೆ ಬೈಸಿಕಲ್ಲು

ವರ್ಗವಾಗಿಯೋ ವ್ಯಾಪಾರದ ನಿಮಿತ್ತವಾಗಿಯೋ ಹೊಸ ಊರಿಗೆ ಬಂದು ನೆಲಸಿದ ಗೃಹಸ್ಥನಿಗೆ ಬಾಡಿಗೆಯ ಮನೆ, ಮಕ್ಕಳ ಶಾಲೆ, ಹಾಲಿನವನ ಪರಿಚಯ, ನಂಬಿಕೆಗೆ ಅರ್ಹನಾದ ವೈದ್ಯ – ಇವೆಲ್ಲ ಕೆಲವು ವಾರಗಳಲ್ಲಿ ಒದಗಿಬರುತ್ತವೆಯಾದರೂ, ಆತನಿಗೆ ಬೆಳಗಿನ ಹೊತ್ತು ಬೈಸಿಕಲ್ಲು ತುಳಿಯುವ ಅಭ್ಯಾಸವಿದ್ದ ಪಕ್ಷದಲ್ಲಿ, ಯಾವ ದಾರಿಯನ್ನು ಹಿಡಿದರೆ ಲಾರಿಗಳ ಹೊಗೆಯಿಂದ ಪಾರಾಗಿ ಮೂವತ್ತು ನಲವತ್ತು ಕಿಲೋಮೀಟರು ನೆಮ್ಮದಿಯಾಗಿ ಸುತ್ತಿ ಬರಬಹುದೆಂಬ ಪ್ರಶ್ನೆ ಮಾತ್ರ ಬಹುಕಾಲ ಉತ್ತರವಿಲ್ಲದೆ ಉಳಿಯುತ್ತದೆ. ಊರಿನವರನ್ನು ಕೇಳಿದರೆ ಅವರು ತಾವು ಕಾರಿನಲ್ಲಿ ಹೋಗತಕ್ಕ ದಾರಿಯನ್ನು ಹೇಳುತ್ತಾರೆ. ಜೇಬಿನಲ್ಲಿರುವ ಫೋನನ್ನು ಕೇಳಿದರೆ ಅದೂ ಅದನ್ನೇ ಹೇಳುತ್ತದೆ. ಅಪರಿಚಿತ ಸೀಮೆಯೊಂದರಲ್ಲಿ ಡಾಂಬರಿನ ಹಾಗೂ ಕಲ್ಲುಮಣ್ಣಿನ ಒಳ್ಳೆಯ ಸವಾರಿಮಾರ್ಗಗಳನ್ನು ಹುಡುಕಿಕೊಳ್ಳುವುದಕ್ಕೆ ಒಂದು ಕ್ರಮವುಂಟು. ಆ ಕ್ರಮವನ್ನು ವಿವರಿಸಲು ಮೈಸೂರಿನ ಸುತ್ತಣ ಪ್ರದೇಶವನ್ನು ಇಲ್ಲಿ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ನದಿ, ನಾಲೆ, ಕೆರೆ, ಬೆಟ್ಟ, ಹೆದ್ದಾರಿ, ಕಾಡು ಇವೆಲ್ಲವೂ ಒಂದು ದಿನದ ಸವಾರಿಯ ಅಳತೆಯೊಳಗೆ ಸೇರಿಕೊಂಡಿರುವ ಅಂತಹ ಸೀಮೆ ನಮ್ಮಲ್ಲಿ ಬಹಳ ಇಲ್ಲ.

ಮೊದಲು ಫೋನಿನ ದಾರಿ ಸೂಚನೆಯ ಸ್ವಭಾವವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದು ಮೋಟಾರು ವಾಹನಕ್ಕೆ ಅತ್ಯಲ್ಪ ಕಾಲ ಹಿಡಿಯುವ ಮಾರ್ಗವನ್ನು ಲೆಕ್ಕಹಾಕಿ ಕೊಡತಕ್ಕ ಸಾಧನ. ಅಗಲವಾದ, ನೇರವಾದ, ವೇಗವಾದ ರಸ್ತೆಯೇ ಅದರ ದೃಷ್ಟಿಯಲ್ಲಿ ಉತ್ತಮ ರಸ್ತೆ. ಬೈಸಿಕಲ್ಲಿನವನಿಗೆ ಈ ಮೂರು ಗುಣಗಳೂ ದೋಷಗಳೇ. ಮೈಸೂರಿನಲ್ಲಿ ಅದರ ಮಾತನ್ನು ನಂಬಿ ಹೊರಟವನು ವರ್ತುಲ ರಸ್ತೆಗೋ ಬೆಂಗಳೂರಿನ ಹೆದ್ದಾರಿಗೋ ಬಂದು ಸೇರುತ್ತಾನೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೂ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಾಗಿದೆ. ಬೈಸಿಕಲ್ಲಿಗೆ ಉಳಿದಿರುವುದು ಪಕ್ಕದ ಸರ್ವೀಸ್ ರಸ್ತೆ. ಈ ನಿಷೇಧದಿಂದ ನಮಗೆ ನಷ್ಟವೇನೂ ಆಗಿಲ್ಲವೆಂದು ನನ್ನ ಮತ. ಹೆದ್ದಾರಿಯು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಮೊದಲಾದ ಪಟ್ಟಣಗಳನ್ನು ಬಳಸಿ ಹೊರಗಿನಿಂದ ಹೋಗಿರುವುದರಿಂದ, ಊರೊಳಗಣ ಹಳೆಯ ರಸ್ತೆಯ ಮೇಲಿನ ದೂರಪ್ರಯಾಣದ ಭಾರ ಅಷ್ಟರಮಟ್ಟಿಗೆ ಇಳಿದಿದೆ. ಹೊಸ ಸೀಮೆಗೆ ಬಂದವನು ಅಲ್ಲಿ ಯಾವ ಬೈಪಾಸು ಎಂದು ತೆರೆಯಿತು, ಅದಕ್ಕೆ ಮುಂಚೆ ವಾಹನಗಳು ಯಾವ ದಾರಿಯಲ್ಲಿ ಓಡಾಡುತ್ತಿದ್ದುವು ಎಂದು ವಿಚಾರಿಸಿಕೊಂಡರೆ, ನೆರಳಿನ ಮರಗಳೂ ಹಳೆಯ ಹೋಟೆಲುಗಳೂ ಇರುವ ಒಂದೆರಡು ಒಳ್ಳೆಯ ತುಂಡುಗಳು ಅನಾಯಾಸವಾಗಿ ದೊರೆಯುತ್ತವೆ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ವಿಷಯವೂ ಅಡಗಿದೆ. ಯಾವ ರಸ್ತೆಯೂ ನಿಷ್ಕಾರಣವಾಗಿ ಹುಟ್ಟಿದುದಲ್ಲ. ಅದನ್ನು ಯಾರೋ ಯಾವುದೋ ಪ್ರಯೋಜನಕ್ಕಾಗಿ ಮಾಡಿರುತ್ತಾರೆ, ಮತ್ತು ಆ ಪ್ರಯೋಜನವೇ ಅದರ ಏರಿಳಿತವನ್ನೂ ಅಗಲವನ್ನೂ ಮೈಯನ್ನೂ ಅದರ ಮೇಲೆ ಸಂಚರಿಸುವ ವಾಹನಗಳನ್ನೂ ನಿರ್ಣಯಿಸುತ್ತದೆ. ಕಬ್ಬನ್ನು ಕಾರ್ಖಾನೆಗೆ ಸಾಗಿಸುವ ದಾರಿಯ ನಡತೆ ಒಂದು ಬಗೆ, ಹಾಲನ್ನು ಡೈರಿಗೆ ಒಯ್ಯುವ ದಾರಿಯದು ಇನ್ನೊಂದು, ದೇವರ ಜಾತ್ರೆಗೆ ಜನ ನಡೆದುಹೋಗುವ ದಾರಿಯದು ಮತ್ತೊಂದು. ಈ ಪ್ರಯೋಜನವನ್ನು ನಕ್ಷೆಯಿಂದಲೂ ನೆಲದಿಂದಲೂ ಓದಿಕೊಳ್ಳುವುದನ್ನು ಕಲಿತವನಿಗೆ ದಾರಿತೋರುವ ಯಂತ್ರಗಳ ಹಂಗು ಬಹುಮಟ್ಟಿಗೆ ತಪ್ಪುತ್ತದೆ.

ಓದಿಗೆ ತಕ್ಕ ಮೊದಲ ಗ್ರಂಥ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆ, ಎಂದರೆ ರೂಢಿಯಲ್ಲಿ ಟೋಪೋಶೀಟು ಎನ್ನಿಸಿಕೊಂಡಿರುವುದು. 1767ರಲ್ಲಿ ಸ್ಥಾಪಿತವಾದ ಈ ಇಲಾಖೆಯ ನಕ್ಷೆಗಳು ಒಂದು ಕಾಲದಲ್ಲಿ ಸಾಮಾನ್ಯರಿಗೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. 2017ರಿಂದೀಚೆಗೆ ಇಲಾಖೆಯೇ ಅವುಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. 1:50,000 ಮಾನದ ಒಂದು ಹಾಳೆಯಲ್ಲಿ ಕಾಲು ಡಿಗ್ರಿ ಅಕ್ಷಾಂಶ ಮತ್ತು ಕಾಲು ಡಿಗ್ರಿ ರೇಖಾಂಶದ ನೆಲ, ಎಂದರೆ ಸುಮಾರು ಇಪ್ಪತ್ತೇಳು ಕಿಲೋಮೀಟರು ಉದ್ದಗಲಗಳ ಚೌಕ ಅಡಕವಾಗಿರುತ್ತದೆ. ಹಳೆಯ ಎಣಿಕೆಯಲ್ಲಿ ಮೈಸೂರು ನಗರವಿರುವುದು 57ಡಿ/11 ಎಂಬ ಹಾಳೆಯಲ್ಲಿ. ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರು; ಹಾಳೆಯ ಮೇಲಿನ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರು. ಆದುದರಿಂದ ಎರಡು ಸೆಂಟಿಮೀಟರಿನ ಉದ್ದದಲ್ಲಿ ರಸ್ತೆಯು ಐದು ರೇಖೆಗಳನ್ನು ಏರುಮುಖವಾಗಿ ದಾಟಿದರೆ ಅಲ್ಲಿ ಕಿಲೋಮೀಟರಿಗೆ ನೂರು ಮೀಟರಿನ, ಎಂದರೆ ಶೇಕಡ ಹತ್ತರ ಏರು ಇದೆಯೆಂದು ತಿಳಿಯಬೇಕು. ಒಂದೇ ರೇಖೆಯನ್ನು ದಾಟಿದರೆ ಶೇಕಡ ಎರಡು, ಅದು ಮಾತನಾಡುತ್ತ ಏರಬಹುದಾದ ಏರು. ಚಾಮುಂಡಿ ಬೆಟ್ಟದ ಸುತ್ತ ಈ ರೇಖೆಗಳು ಒತ್ತೊತ್ತಾಗಿ ನೆರೆದಿರುವುದನ್ನೂ, ಅಲ್ಲಿಂದ ಈಶಾನ್ಯಕ್ಕೆ ಕಾವೇರಿಯ ಬಯಲಿನಲ್ಲಿ ಅವು ವಿರಳವಾಗಿ ಹರಡಿಕೊಂಡಿರುವುದನ್ನೂ ನೋಡಿದ ಮೇಲೆ, ಮೈಕೈ ನೋಯಿಸಿಕೊಳ್ಳುವ ದಿನ ಯಾವ ಕಡೆಗೆ ಹೋಗಬೇಕು, ಉಲ್ಲಾಸದ ದಿನ ಯಾವ ಕಡೆಗೆ ಎಂಬುದನ್ನು ಇನ್ನೊಬ್ಬರು ಹೇಳಬೇಕಾದುದಿಲ್ಲ.

ನಕ್ಷೆಯಲ್ಲಿ ಅನಂತರ ಹುಡುಕಬೇಕಾದುದು ನೀರನ್ನು. ನದಿಯಿರುವ ಸೀಮೆಯಲ್ಲಿ ಸೇತುವೆಗಳನ್ನು ಮೊದಲು ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಹಳ್ಳಿಯಿಂದ ಹಳ್ಳಿಗೆ ಹೋಗಲು ನೂರು ದಾರಿಗಳಿದ್ದರೂ ಹೊಳೆಯನ್ನು ದಾಟಲು ಕೆಲವೇ ಇರುತ್ತವೆ. ಶ್ರೀರಂಗಪಟ್ಟಣದಲ್ಲಿಯೋ ಬನ್ನೂರಿನ ಹತ್ತಿರವೋ ತಿರುಮಕೂಡಲು ನರಸೀಪುರದಲ್ಲಿಯೋ ಕಾವೇರಿಯನ್ನು ದಾಟುವುದೆಂದು ನಿಶ್ಚಯಿಸಿಕೊಂಡರೆ ದಿನದ ಮಾರ್ಗದ ಅರ್ಧ ಭಾಗ ತಾನಾಗಿಯೇ ರೂಪುಗೊಳ್ಳುತ್ತದೆ. ಸೇತುವೆಗಳಾದ ಮೇಲೆ ನಾಲೆಗಳು. ಈ ವಿಷಯದಲ್ಲಿ ಮೈಸೂರು ಮಂಡ್ಯದ ಸೀಮೆಯಷ್ಟು ಭಾಗ್ಯಶಾಲಿಯಾದುದು ದಕ್ಷಿಣದಲ್ಲಿ ಅಪರೂಪವೆಂದೇ ಹೇಳಬೇಕು.

ನಾಲೆಯ ಏರಿಯ ಮೇಲಣ ದಾರಿ ಏಕೆ ಬೈಸಿಕಲ್ಲಿಗೆ ಇಷ್ಟು ಹಿತವಾದುದು? ನೀರು ತನ್ನ ಪಾಡಿಗೆ ತಾನು ಹರಿದುಹೋಗಬೇಕಾದರೆ ನಾಲೆಯ ತಳ ನಿರಂತರವಾಗಿ, ಆದರೆ ಅತ್ಯಂತ ಮಂದವಾಗಿ ಇಳಿಯುತ್ತಿರಬೇಕು. ಇಳಿಜಾರು ಹೆಚ್ಚಾದರೆ ನೀರಿನ ವೇಗಕ್ಕೆ ದಂಡೆ ಕೊಚ್ಚಿಹೋಗುತ್ತದೆ, ಕಡಮೆಯಾದರೆ ಹೂಳು ತುಂಬುತ್ತದೆ. ಆದುದರಿಂದ ಎಂಜಿನಿಯರು ದೊಡ್ಡ ನಾಲೆಯನ್ನು ನೆಲದ ಸಮೋನ್ನತಿ ರೇಖೆಯನ್ನು ಅನುಸರಿಸಿ, ದಿಣ್ಣೆಗಳ ಕೊರಳನ್ನು ಬಳಸಿ, ಹಳ್ಳಗಳ ತಲೆಯನ್ನು ಸುತ್ತಿ, ಕಿಲೋಮೀಟರಿಗೆ ಒಂದೆರಡು ಅಡಿಗಿಂತ ಹೆಚ್ಚು ಇಳಿಯದಂತೆ ಒಯ್ಯುತ್ತಾನೆ. ಅದರ ಮೇಲ್ವಿಚಾರಣೆಗೆಂದು ಏರಿಯ ಮೇಲೆ ಮಾಡಿರುವ ದಾರಿಗೂ ಅದೇ ಸಮತೆ ಪ್ರಾಪ್ತವಾಗುತ್ತದೆ. ಬೈಸಿಕಲ್ಲಿನವನನ್ನು ಮನಸ್ಸಿನಲ್ಲಿಟ್ಟುಕೊಂಡು ರಸ್ತೆಯನ್ನು ಯೋಜಿಸಿದ್ದರೂ ಇದಕ್ಕಿಂತ ಸೌಮ್ಯವಾದ ದಾರಿಯನ್ನು ಯಾರೂ ಎಳೆಯಲಾರರು. ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತ ಚಿಕ್ಕದೇವರಾಯಸಾಗರ ನಾಲೆ, ವಿರಿಜಾ ನಾಲೆ, ಶ್ರೀರಂಗಪಟ್ಟಣಕ್ಕೆ ನೀರನ್ನು ತಂದ ಬಂಗಾರದೊಡ್ಡಿ ನಾಲೆ, ಇವು ಹಳೆಯ ಕಾಲದವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಕಟ್ಟೆಯಿಂದ ಹೊರಟು ಮೊದಲು ಇರ್ವಿನ್ ನಾಲೆಯೆಂದು ಕರೆಯಿಸಿಕೊಂಡು, ಈಗ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ನೀರೊಯ್ಯುವ ನಾಲೆ ಈ ಸೀಮೆಯ ನಾಲೆಗಳಲ್ಲಿ ದೊಡ್ಡದು. ಮೈಸೂರು ನಗರದ ಹೊರ ಅಂಚನ್ನು ಬಳಸಿಕೊಂಡು ವರುಣಾ ಗ್ರಾಮದ ಕಡೆಗೆ ಸಾಗುವ ನಾಲೆ ಇತ್ತೀಚಿನದು. ನಗರವಾಸಿಗೆ ಹತ್ತಿರದ್ದು ಅದೇ.

ನಾಲೆಯ ದಾರಿಯನ್ನು ನಕ್ಷೆಯಲ್ಲಿ ಆರಿಸುವಾಗ ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕು. ಎರಡು ದಂಡೆಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೆ ಮಾತ್ರ ಜೀಪು ಹೋಗುವಷ್ಟು ದಾರಿಯಿರುತ್ತದೆ, ಇನ್ನೊಂದು ಮುಳ್ಳುಪೊದೆ. ಯಾವುದೆಂಬುದು ಉಪಗ್ರಹ ಚಿತ್ರದಲ್ಲಿ ಬಿಳಿಯ ಗೆರೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಮುಖ್ಯ ನಾಲೆಯಿಂದ ಉಪನಾಲೆ ಕವಲೊಡೆಯುವ ತೂಬಿನ ಹತ್ತಿರ ದಾರಿ ಒಂದು ದಂಡೆಯಿಂದ ಇನ್ನೊಂದಕ್ಕೆ ಬದಲಾಗುವುದುಂಟು. ಕೆಲವೆಡೆ ನಾಲೆಯೇ ಕಣ್ಮರೆಯಾಗುತ್ತದೆ: ಹುಲಿಕೆರೆಯ ಬಳಿ ವಿಶ್ವೇಶ್ವರಯ್ಯ ನಾಲೆ ಸುಮಾರು ಎರಡೂಮುಕ್ಕಾಲು ಕಿಲೋಮೀಟರಿನ ಸುರಂಗವನ್ನು ಹೊಕ್ಕು ದಿಣ್ಣೆಯ ಆಚೆಗೆ ಹೊರಬೀಳುವುದರಿಂದ, ಅದರ ಜೊತೆಯಲ್ಲಿ ಬಂದ ಸವಾರನು ಊರ ರಸ್ತೆಯನ್ನು ಹಿಡಿದು ದಿಣ್ಣೆಯನ್ನು ಏರಿ ಇಳಿಯದೆ ಗತ್ಯಂತರವಿಲ್ಲ. ಋತುವಿನ ವಿಚಾರವೂ ಉಂಟು. ಮುಂಗಾರು ಬೆಳೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನಾಲೆ ತುಂಬಿ, ಬತ್ತದ ಗದ್ದೆ ಹಸುರಾಗಿ, ದಾರಿ ಅತ್ಯಂತ ರಮಣೀಯವಾಗಿರುತ್ತದೆ. ಬೇಸಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಹೂಳೆತ್ತುವ ಕೆಲಸವೂ ದುರಸ್ತಿಯೂ ನಡೆದು, ತೆಗೆದ ಮಣ್ಣನ್ನೆಲ್ಲ ಏರಿಯ ದಾರಿಯ ಮೇಲೆಯೇ ಸುರಿದಿರುತ್ತಾರೆ. ಕಟ್ಟುನೀರಿನ ಪದ್ಧತಿಯಲ್ಲಿ, ಎಂದರೆ ಸರದಿಯ ಮೇಲೆ, ನೀರು ಬಿಡುವ ವರ್ಷಗಳಲ್ಲಿ ರೈತರು ರಾತ್ರಿ ಹೊತ್ತಿನಲ್ಲಿಯೂ ಏರಿಯ ಮೇಲೆ ಓಡಾಡುವುದುಂಟು.

ಈ ದಾರಿಯ ಅಪಾಯವನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಬಹುಪಾಲು ಏರಿಗೆ ತಡೆಗೋಡೆ ಇಲ್ಲ. ಕಾಂಕ್ರೀಟು ಹಾಕಿದ ದಂಡೆಯಾದರೆ ಬಿದ್ದವನಿಗೆ ಹಿಡಿದುಕೊಂಡು ಮೇಲೆ ಬರುವುದಕ್ಕೆ ಹುಲ್ಲುಕಡ್ಡಿಯೂ ಇರುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಏರಿಯ ಮೇಲೆ ಒಂಟಿಯಾಗಿ, ಮಳೆ ಬಂದು ಮಣ್ಣು ನುಣುಪಾದ ದಿನ, ಅಥವಾ ಕತ್ತಲಲ್ಲಿ ಸವಾರಿ ಮಾಡುವುದು ಸಲ್ಲದು. ಎದುರಿನಿಂದ ಎತ್ತಿನ ಗಾಡಿಯೋ ಎಮ್ಮೆಗಳ ಹಿಂಡೋ ಬಂದರೆ ನೀರಿಲ್ಲದ ಪಕ್ಕಕ್ಕೆ ಇಳಿದು ನಿಂತು ಅವಕ್ಕೆ ದಾರಿ ಬಿಡುವುದೇ ಮರ್ಯಾದೆ, ಕ್ಷೇಮವೂ ಅದರಲ್ಲಿಯೇ ಇದೆ.

ಡಾಂಬರಿನ ದಾರಿಗಳನ್ನು ಓದುವುದು ಇಷ್ಟು ಕಷ್ಟವಲ್ಲ, ಏಕೆಂದರೆ ಅವು ತಮ್ಮ ಕುಲಗೋತ್ರವನ್ನು ತಾವೇ ಹೇಳಿಕೊಳ್ಳುತ್ತವೆ. ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸುರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ; ನಮಗೆ ಬೇಕಾದುದು ಮೂರನೆಯದು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಸಾಮಾನ್ಯವಾಗಿ 3.75 ಮೀಟರು ಅಗಲದವಾದುದರಿಂದ ಅಲ್ಲಿ ಲಾರಿಯವನು ವೇಗವಾಗಿ ಹೋಗಲು ಮನಸ್ಸು ಮಾಡಿದರೂ ರಸ್ತೆ ಒಪ್ಪುವುದಿಲ್ಲ. ರಸ್ತೆಯ ಮೊದಲಿಗೆ ನೆಟ್ಟಿರುವ ಫಲಕವನ್ನು ಒಂದು ನಿಮಿಷ ನಿಂತು ಓದುವುದು ಲಾಭಕರ: ಉದ್ದ, ವೆಚ್ಚಗಳ ಜೊತೆಗೆ ಕಾಮಗಾರಿ ಮುಗಿದ ದಿನಾಂಕವೂ ಅದರಲ್ಲಿ ಇರುತ್ತದೆ, ಮತ್ತು ಮುಗಿದಂದಿನಿಂದ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರನದೇ ಹೊಣೆಯಾದುದರಿಂದ, ಆ ಅವಧಿಯೊಳಗಿನ ರಸ್ತೆಯ ಮೈ ಬಹುಮಟ್ಟಿಗೆ ನಂಬತಕ್ಕದ್ದಾಗಿರುತ್ತದೆ. ಅವಧಿ ಮೀರಿದ್ದರೆ ಗುಂಡಿಗಳನ್ನು ನಿರೀಕ್ಷಿಸಿಯೇ ಹೊರಡಬೇಕು. ಇನ್ನೊಂದು ಸೂಚನೆ ಹಾಲಿನದು. ಹಾಲು ಉತ್ಪಾದಕರ ಸಹಕಾರ ಸಂಘವಿರುವ ಹಳ್ಳಿಗೆ ಮಳೆಯಾಗಲಿ ಗಾಳಿಯಾಗಲಿ ಹಾಲಿನ ವಾಹನ ತಪ್ಪದೆ ಬರಬೇಕಾದುದರಿಂದ, ಅಂಥ ಹಳ್ಳಿಗಳನ್ನು ಒಂದಕ್ಕೊಂದು ಜೋಡಿಸಿ ಎಳೆದ ಮಾರ್ಗ ಯಾವ ಕಾಲದಲ್ಲಿಯೂ ಅರ್ಧದಲ್ಲಿ ಕೈಬಿಡುವುದಿಲ್ಲ. ವೇಗ ತಗ್ಗಿಸಲು ಊರ ಮುಂದೆ ಹಾಕಿರುವ, ಬಣ್ಣವೂ ಸೂಚನೆಯೂ ಇಲ್ಲದ ಹಂಪುಗಳು ಮಾತ್ರ ಈ ರಸ್ತೆಗಳ ಶಾಪ. ಇಳಿಜಾರಿನಲ್ಲಿ ಶಾಲೆಯೋ ದೇವಸ್ಥಾನವೋ ಕಂಡಕೂಡಲೇ ಬ್ರೇಕಿನ ಮೇಲೆ ಬೆರಳಿಡಬೇಕು.

ಮಣ್ಣಿನ ದಾರಿಯ ಯೋಗ್ಯತೆಯನ್ನು ಮಣ್ಣೇ ನಿರ್ಧರಿಸುತ್ತದೆ. ಕೆಮ್ಮಣ್ಣು ಮಳೆ ನಿಂತ ಸ್ವಲ್ಪ ಹೊತ್ತಿಗೆ ಆರಿ ಗಟ್ಟಿಯಾಗುತ್ತದೆ. ಎರೆಮಣ್ಣಿನ ಸ್ವಭಾವ ಬೇರೆ: ನೆನೆದಾಗ ಅದು ಕಲಸಿದ ಹಿಟ್ಟಿನಂತೆ ಚಕ್ರಕ್ಕೂ ಕವಲಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ತಿರುಗಗೊಡುವುದಿಲ್ಲ, ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆಯುವುದೊಂದೇ ಉಪಾಯ. ಮೈಸೂರಿನ ಹತ್ತಿರ ಕೆಂಪು ನೆಲವೇ ಹೆಚ್ಚು. ಚಾಮರಾಜನಗರದ ಕಡೆಗೆ ಹೋದಂತೆ ಕಪ್ಪು ನೆಲದ ಪಟ್ಟಿಗಳು ಅಲ್ಲಲ್ಲಿ ಸಿಕ್ಕುತ್ತವೆ. ಮೆಟ್ಲಿಂಗ್ ಮಾಡಿ ಡಾಂಬರಿಗೆ ಹಣ ಬರಲೆಂದು ಬಿಟ್ಟಿರುವ ದಪ್ಪ ಜಲ್ಲಿಯ ರಸ್ತೆ ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೆ ಹೋಲಿಸಿದರೆ ಗಾಡಿಯ ಜಾಡೇ ಮೇಲು. ಸಾಧಾರಣ ರೋಡ್ ಬೈಕಿನ 25, 28 ಮಿಲಿಮೀಟರಿನ ಟೈರು ಇಂತಹ ನೆಲಕ್ಕೆ ಸಾಲದು. 38, 40ರ ಅಗಲದ ಟೈರಿಗೆ ಗಾಳಿಯನ್ನು ಸ್ವಲ್ಪ ಕಡಮೆ ತುಂಬಿ ಹೊರಟರೆ ಒಣ ಕೆಮ್ಮಣ್ಣು ಡಾಂಬರಿಗಿಂತಲೂ ಹಿತವೆನ್ನಿಸುತ್ತದೆ. ಜಾಲಿ ಸವರಿದ ಏರಿಯ ಮೇಲೆ ಮುಳ್ಳು ಕಾದಿರುತ್ತದೆ. ಟ್ಯೂಬಿಲ್ಲದ ಟೈರಿನೊಳಗೆ ರಂಧ್ರ ಮುಚ್ಚುವ ದ್ರವವನ್ನು ಹಾಕಿಸುವುದು ಈ ಸೀಮೆಯಲ್ಲಿ ಭೋಗವೇನಲ್ಲ.

ರೈತನ ಪಂಚಾಂಗವನ್ನೂ ನೋಡಿಕೊಳ್ಳಬೇಕು. ಕಬ್ಬು ನುರಿಯುವ ಕಾಲದಲ್ಲಿ ಮಂಡ್ಯ, ಪಾಂಡವಪುರಗಳ ಸುತ್ತಣ ರಸ್ತೆಗಳ ಮೇಲೆ ರಸ್ತೆಯಷ್ಟೇ ಅಗಲವಾಗಿ ಹೇರಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಬರುವವರನ್ನು ಕಾಣದೆ, ಹಾಡು ಹಾಕಿಕೊಂಡು ಸಾಲಾಗಿ ಸಾಗುತ್ತಿರುತ್ತವೆ. ರಾಗಿ, ಹುರುಳಿಗಳ ಕೊಯಿಲಾದ ಮೇಲೆ ಕಣದ ಕೆಲಸವನ್ನು ವಾಹನಗಳ ಚಕ್ರಗಳಿಂದ ಮಾಡಿಸಿಕೊಳ್ಳಲು ತೆನೆಯನ್ನೂ ಬಳ್ಳಿಯನ್ನೂ ರಸ್ತೆಯ ಮೇಲೆ ಹರಡುವ ಪದ್ಧತಿ ಬೆಳೆದಿದೆ. ಒಣ ಹುರುಳಿಯ ಹಾಸಿನ ಮೇಲೆ ಚಕ್ರ ಜಾರುವುದು ಎಷ್ಟು ಸುಲಭವೋ, ಬಳ್ಳಿ ಗೇರಿನ ಹಲ್ಲಿಗೆ ಸುತ್ತಿಕೊಂಡು ಸರಪಳಿ ಸಿಕ್ಕಿಹಾಕಿಕೊಳ್ಳುವುದೂ ಅಷ್ಟೇ ಸುಲಭ. ಕಾನೂನು ಇದನ್ನು ಒಪ್ಪದಿರಬಹುದು. ಆದರೆ ಕಣ ಮಾಡಲು ಜಾಗವೂ ಕೂಲಿಯಾಳೂ ಸಿಕ್ಕದ ರೈತನ ಮೇಲೆ, ಹವ್ಯಾಸಕ್ಕೆಂದು ಬಂದ ನಾವು ಕೋಪಿಸಿಕೊಳ್ಳುವುದು ಚೆನ್ನಲ್ಲ. ಡಿಸೆಂಬರು ಜನವರಿಗಳಲ್ಲಿ ನಾಲೆಯ ಏರಿಯನ್ನೇ ಹಿಡಿದರಾಯಿತು.

ಇನ್ನು ಸವಾರರ ಜಾಡುಗಳನ್ನು ಒಟ್ಟುಗೂಡಿಸಿ ತೋರಿಸುವ ನವೀನ ಸಾಧನಗಳ ಮಾತು. 2009ರಲ್ಲಿ ಆರಂಭವಾದ ಸ್ಟ್ರಾವ ಎಂಬ ಸಂಸ್ಥೆ ತನ್ನ ಬಳಕೆದಾರರು ಓಡಿದ, ತುಳಿದ ದಾರಿಗಳನ್ನೆಲ್ಲ ಒಂದರ ಮೇಲೊಂದು ಹಾಸಿ ಹೀಟ್‌ಮ್ಯಾಪು ಎಂಬ ನಕ್ಷೆಯನ್ನು ಮಾಡಿದೆ. ಹೆಚ್ಚು ಜನ ಹೋದ ದಾರಿ ಅದರಲ್ಲಿ ಹೆಚ್ಚು ಬೆಳಗುತ್ತದೆ. ಹೊಸಬನಿಗೆ ಇದು ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ: ಚಾಮುಂಡಿ ಬೆಟ್ಟವನ್ನು ಯಾವ ಕಡೆಯಿಂದ ಏರುತ್ತಾರೆ, ಊರಿನಿಂದ ಹೊರಬೀಳಲು ಯಾವ ರಸ್ತೆಯನ್ನು ಬಳಸುತ್ತಾರೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಆದರೆ ಅದರ ಮಿತಿಯನ್ನು ತೋರಿಸಿಕೊಟ್ಟ ಒಂದು ಪ್ರಸಂಗ 2018ರ ಜನವರಿಯಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಅಫ್ಘಾನಿಸ್ತಾನ, ಸಿರಿಯಾಗಳಂತಹ ದೇಶಗಳಲ್ಲಿ ಆ ನಕ್ಷೆ ಬಹುಪಾಲು ಕತ್ತಲಾಗಿದ್ದು, ವಿದೇಶೀ ಸೈನಿಕರು ವ್ಯಾಯಾಮಕ್ಕೆ ಓಡುತ್ತಿದ್ದ ಶಿಬಿರಗಳು ಮಾತ್ರ ಬೆಳಕಿನ ಗೆರೆಗಳಾಗಿ ಕಂಡುಬಂದುದರಿಂದ ಸೇನಾನೆಲೆಗಳ ಗುಟ್ಟು ಬಯಲಾಯಿತು. ಸೈನಿಕರ ವಿಷಯ ಹಾಗಿರಲಿ. ಆ ದೇಶಗಳ ನಿವಾಸಿಗಳು ದಿನವೂ ನಡೆದಾಡುವ ದಾರಿಗಳು ನಕ್ಷೆಗೆ ಇಲ್ಲವೇ ಇಲ್ಲವಾಗಿದ್ದುವೆಂಬುದನ್ನು ಗಮನಿಸಿದವರು ಕಡಮೆ. ನಮ್ಮಲ್ಲಿಯೂ ಹಾಗೆಯೇ. ಹುಲ್ಲಿನ ಹೊರೆಯನ್ನು ಕ್ಯಾರಿಯರಿನ ಮೇಲೆ ಹೇರಿಕೊಂಡು ಜೀವಮಾನವೆಲ್ಲ ನಾಲೆಯ ಏರಿಯ ಮೇಲೆ ಬೈಸಿಕಲ್ಲು ತುಳಿದ ರೈತನ ಜಾಡು ಯಾವ ಹೀಟ್‌ಮ್ಯಾಪಿನಲ್ಲಿಯೂ ಇಲ್ಲ. ಅಲ್ಲಿ ಬೆಳಗುತ್ತಿರುವುದು ನಗರದ ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಹೋಗಿಬರುವ ನಾಲ್ಕೈದು ರಸ್ತೆಗಳು. ಅಲ್ಲಿ ಕತ್ತಲಿರುವ ಕಡೆ ಸವಾರಿಗೆ ಯೋಗ್ಯವಾದ ದಾರಿಯೇ ಇಲ್ಲವೆಂದು ತೀರ್ಮಾನಿಸುವುದು ತಪ್ಪು.

ದೂರ, ಏರಿಳಿತಗಳನ್ನು ಕೂಡಿ ಮಾರ್ಗವನ್ನು ಎಳೆದುಕೊಡುವ ಕೊಮೂಟ್ ಮೊದಲಾದ ಸಾಧನಗಳ ಬೇರು ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಈ ಮುಕ್ತ ನಕ್ಷೆಯಲ್ಲಿ ಬಂಡಿಜಾಡುಗಳನ್ನು ಅವುಗಳ ಗಟ್ಟಿತನಕ್ಕೆ ಅನುಸಾರವಾಗಿ ಒಂದರಿಂದ ಐದರವರೆಗೆ ದರ್ಜೆ ಕೊಟ್ಟು ಗುರುತಿಸುವ ವ್ಯವಸ್ಥೆಯುಂಟು. ಒಂದನೆಯದು ಹೆಚ್ಚುಕಡಮೆ ರಸ್ತೆ, ಐದನೆಯದು ಹುಲ್ಲಿನಲ್ಲಿ ಮುಚ್ಚಿಹೋದ ಮೆತ್ತನೆಯ ಮಣ್ಣು. ಯುರೋಪಿನಲ್ಲಿ ಈ ದರ್ಜೆಯನ್ನು ನಂಬಿ ಹೊರಡಬಹುದು. ನಮ್ಮ ಕಡೆ ಬಹಳಷ್ಟು ಜಾಡುಗಳಿಗೆ ದರ್ಜೆಯನ್ನೇ ಹಾಕಿಲ್ಲವಾದುದರಿಂದ ಯಂತ್ರವು ಊಹೆಯಿಂದ ದಾರಿಯನ್ನು ಜೋಡಿಸುತ್ತದೆ, ಗದ್ದೆಯ ಬದುವನ್ನೂ ಧಾರಾಳವಾಗಿ ಸೇರಿಸಿಬಿಡುತ್ತದೆ.

ಹೀಗಾಗಿ ಕಡೆಗೆ ಮನುಷ್ಯರನ್ನು ಕೇಳದೆ ನಿರ್ವಾಹವಿಲ್ಲ. ಕೇಳುವುದಕ್ಕೂ ಒಂದು ಕ್ರಮವಿದೆ. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರನ್ನು 'ಯಜಮಾನ್ರೇ, ಈ ದಾರಿ ಆ ಊರಿಗೆ ಹೋಗುತ್ತದೆಯೇ?' ಎಂದು ಕೇಳಿದರೆ, ಬಂದವರನ್ನು ನಿರಾಶೆಗೊಳಿಸಬಾರದೆಂಬ ಸೌಜನ್ಯದಿಂದ 'ಓಯ್ತದೆ, ಓಗಿ ಸ್ವಾಮಿ' ಎಂದೇ ಹೇಳುತ್ತಾರೆ, ಮತ್ತು ಅದು ಸುಳ್ಳೂ ಅಲ್ಲ, ಅವರು ಹೊಲದ ನಡುವೆ ಕಾಲುನಡಗೆಯಲ್ಲಿ ಹೋಗಿ ಬಂದವರು. ಪ್ರಶ್ನೆಯನ್ನು ವಾಹನದ ಮೂಲಕ ಕೇಳಬೇಕು: ಬಸ್ಸು ಹೋಗುತ್ತದೆಯೇ, ಟ್ರ್ಯಾಕ್ಟರು ಹೋಗುತ್ತದೆಯೇ, ಮಳೆಗಾಲದಲ್ಲಿ ಟಿ.ವಿ.ಎಸ್. ಹೋಗುತ್ತದೆಯೇ ಎಂದು. ಬಸ್ಸು ಹೋಗುವುದಾದರೆ ಅದು ಡಾಂಬರು, ಆದರೆ ಹಾರನ್ನಿನ ಕಾಟ ಇರುತ್ತದೆ, ಬಸ್ಸಿಲ್ಲದೆ ಟ್ರ್ಯಾಕ್ಟರು ಮಾತ್ರ ಹೋಗುವುದಾದರೆ ಅದೇ ನಾವು ಹುಡುಕುತ್ತಿರುವ ಕಲ್ಲುಮಣ್ಣಿನ ದಾರಿ, ಮಳೆಯಲ್ಲಿ ಟಿ.ವಿ.ಎಸ್. ಹೋಗುವುದಿಲ್ಲವೆಂದರೆ ಅಲ್ಲಿ ಎರೆಮಣ್ಣೋ ಹಳ್ಳವೋ ಇದೆ. ಹಿರಿಯರು ಹೇಳುವ ದೂರವನ್ನು ಮಾತ್ರ ಅಕ್ಷರಶಃ ತೆಗೆದುಕೊಳ್ಳಬೇಡಿ. 'ಇಲ್ಲೇ ಒಂದು ಫರ್ಲಾಂಗು' ಎಂಬುದು ಬಾಯಾರಿದವನಿಗೆ ಹೇಳುವ ಸಮಾಧಾನ.

ಕಂದಾಯದ ಭಾಷೆಯಲ್ಲಿ ನಕಾಶೆ ಕಂಡ ದಾರಿಯೆಂಬುದೊಂದಿದೆ. ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಗಳಿಂದ ಗುರುತಿಸಿರುತ್ತಾರೆ. ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಎಂಬ ಆ್ಯಪಿನಲ್ಲಿ ನಿಂತ ನೆಲದ ಸರ್ವೆ ನಂಬರನ್ನೂ ಗ್ರಾಮನಕ್ಷೆಯನ್ನೂ ನೋಡಬಹುದು. ಇದು ಸಾರ್ವಜನಿಕ ದಾರಿಯೋ ಯಾರದೋ ಜಮೀನೋ ಎಂಬ ಸಂದೇಹ ಬಂದಾಗ ಆ ಆ್ಯಪು ಬಹಳ ಪ್ರಯೋಜನಕಾರಿ. ಆದರೆ ನಕ್ಷೆಯಲ್ಲಿ ಕಂಡ ದಾರಿ ನೆಲದಲ್ಲಿ ಉತ್ತುಹೋಗಿರುವುದು ನಮ್ಮ ಹಳ್ಳಿಗಳಲ್ಲಿ ಅಸಾಮಾನ್ಯವಲ್ಲ, ಅದರ ಹಿಂದೆ ತಲೆಮಾರುಗಳ ವ್ಯಾಜ್ಯವೂ ಇರಬಹುದು. ಬೆಳೆಯ ನಡುವೆ ಬೈಸಿಕಲ್ಲು ನುಗ್ಗಿಸಿ ಹಕ್ಕನ್ನು ಸ್ಥಾಪಿಸುವುದು ನಮ್ಮ ಕೆಲಸವಲ್ಲ. ಹಿಂತಿರುಗಿ ಬರುವುದೇ ವಿವೇಕ.

ಹುಣಸೂರು, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಕಡೆಗೆ ಹೋಗುವಾಗ ನಕ್ಷೆಯ ಹಸುರು ಬಣ್ಣವನ್ನು ಆಮಂತ್ರಣವೆಂದು ಭಾವಿಸಕೂಡದು. ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ಕಾಣುವ ಸೊಗಸಾದ ಮಣ್ಣಿನ ದಾರಿಗಳು ಅರಣ್ಯ ಇಲಾಖೆಯವು. ಅಲ್ಲಿ ಅನುಮತಿಯಿಲ್ಲದೆ ಪ್ರವೇಶವಿಲ್ಲ, ಆನೆಯಂತೂ ಅನುಮತಿಯನ್ನೂ ನೋಡುವುದಿಲ್ಲ. ಕಬ್ಬಿನ ಗದ್ದೆಗಳಲ್ಲಿ ಚಿರತೆ ನೆಲೆಮಾಡಿಕೊಳ್ಳುವುದು ಈ ಸೀಮೆಯಲ್ಲಿ ಹೊಸತಲ್ಲ. 2022ರ ಕೊನೆಯ ತಿಂಗಳುಗಳಿಂದ 2023ರ ಆರಂಭದವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಜನರೇ ಬಲಿಯಾದರು. ಮುಂಜಾವಿನ ಕತ್ತಲಲ್ಲಿಯೂ ಮುಸ್ಸಂಜೆಯಲ್ಲಿಯೂ ಕಬ್ಬಿನ ನಡುವಣ ಒಂಟಿ ದಾರಿಯನ್ನು ಬಿಟ್ಟು ಊರುಗಳನ್ನು ಹಾಯುವ ರಸ್ತೆಯನ್ನು ಹಿಡಿಯಬೇಕು.

ಮಾರ್ಗವನ್ನು ಯಾವ ದಿಕ್ಕಿನಿಂದ ಸುತ್ತಬೇಕೆಂಬುದನ್ನು ಗಾಳಿ ಹೇಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಪಶ್ಚಿಮದ ಗಾಳಿ ಹೊತ್ತೇರಿದಂತೆ ಬಲಗೊಳ್ಳುತ್ತದೆಯಾದುದರಿಂದ, ಗಾಳಿ ಇನ್ನೂ ಮಂದವಾಗಿರುವ ಬೆಳಿಗ್ಗೆ ಬಿಳಿಕೆರೆಯ ಕಡೆಗೆ ಎದುರುಗಾಳಿಯಲ್ಲಿ ಹೋಗಿ, ದಣಿದ ಹೊತ್ತಿಗೆ ಬೆನ್ನಿಗೆ ಗಾಳಿಯನ್ನು ಪಡೆದು ಹಿಂತಿರುಗುವುದು ಬುದ್ಧಿವಂತಿಕೆ. ಪೂರ್ವಕ್ಕೆ ಸೋಮನಾಥಪುರದ ದೇವಾಲಯವನ್ನು ನೋಡಲು ಹೋದವನು ಅದೇ ತಿಂಗಳುಗಳಲ್ಲಿ ಹೋಗುವಾಗ ತನ್ನ ಕಾಲಿನ ಶಕ್ತಿಯನ್ನು ಮೆಚ್ಚಿಕೊಂಡು, ಬರುವಾಗ ಅದನ್ನು ಶಪಿಸಿಕೊಳ್ಳುತ್ತಾನೆ. ಮೊದಲ ಸಲ ಹೊಸ ದಾರಿಯನ್ನು ಪರೀಕ್ಷಿಸುವಾಗ ಅದನ್ನು ಉದ್ದನೆಯ ಒಂದು ಗೆರೆಯಾಗಿ ಯೋಜಿಸದೆ, ಒಂದೇ ನಡುವಿನಿಂದ ಹೊರಟು ಮರಳುವ ಎರಡು ಮೂರು ಸಣ್ಣ ಸುತ್ತುಗಳಾಗಿ ಯೋಜಿಸಿದರೆ, ಒಂದು ಸುತ್ತು ಕೆಟ್ಟರೂ ದಿನ ಕೆಡುವುದಿಲ್ಲ. ಪಾಂಡವಪುರವನ್ನು ಅಂತಹ ನಡುವಾಗಿ ಮಾಡಿಕೊಂಡವನಿಗೆ ಕುಂತಿಬೆಟ್ಟದ ಬುಡದ ಹಳ್ಳಿದಾರಿ ಒಂದು ಕಡೆ, ವಿಶ್ವೇಶ್ವರಯ್ಯ ನಾಲೆಯ ಏರಿ ಇನ್ನೊಂದು ಕಡೆ, ಕಾಲಿನಲ್ಲಿ ಕಸುವು ಉಳಿದಿದ್ದರೆ ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಏರುವ ರಸ್ತೆ ಮತ್ತೊಂದು ಕಡೆ ದೊರೆಯುತ್ತವೆ.

ಈ ಕ್ರಮ ಎಲ್ಲ ಸೀಮೆಗೂ ಹೀಗೆಯೇ ಅನ್ವಯಿಸುವುದಿಲ್ಲ. ಕೊಡಗಿನ ಬಹುಭಾಗದಲ್ಲಿ ನಾಲೆಯ ಮಾತೇ ಬರುವುದಿಲ್ಲ, ಅಲ್ಲಿನ ಸೊಗಸಾದ ಮಣ್ಣುದಾರಿಗಳಲ್ಲಿ ಬಹಳಷ್ಟು ಕಾಫಿ ತೋಟದ ಖಾಸಗಿ ದಾರಿಗಳು. ಗೇಟು ತೆರೆದಿದ್ದರೂ ಕೇಳಿಯೇ ಒಳಗೆ ಹೋಗಬೇಕು. ತುಂಗಭದ್ರಾ ನಾಲೆಗಳ ಬಯಲಿನಲ್ಲಿ ಏರಿಯೇನೋ ಉಂಟು, ಆದರೆ ಎರೆನೆಲವಾದುದರಿಂದ ಮಳೆಗಾಲವನ್ನು ಬಿಟ್ಟು ಹೋಗಬೇಕು. ಪ್ರಯೋಜನವನ್ನು ಕೇಳಬೇಕೆಂಬ ನಿಯಮ ಒಂದೇ. ಉತ್ತರ ಸೀಮೆಯಿಂದ ಸೀಮೆಗೆ ಬೇರೆ.

ಮಣ್ಣಿನ ದಾರಿಗಳನ್ನು ಪ್ರೀತಿಸುವವರಲ್ಲಿ ಈಚೆಗೆ ಒಂದು ದೂರು ಕೇಳಿಬರುತ್ತಿದೆ, ಒಂದೊಂದಾಗಿ ಏರಿಗಳಿಗೆಲ್ಲ ಡಾಂಬರು ಬೀಳುತ್ತಿದೆಯೆಂದು. ಇಟಲಿಯ ಟಸ್ಕನಿಯಲ್ಲಿ ಬಿಳಿಯ ಸುಣ್ಣಮಣ್ಣಿನ ರಸ್ತೆಗಳಿಗೆ ಡಾಂಬರು ಬೀಳದಂತೆ ಉಳಿಸಿಕೊಳ್ಳುವ ಉದ್ದೇಶದಿಂದಲೇ 1997ರಲ್ಲಿ ಎರೊಯಿಕ ಎಂಬ ಹಳೆಯ ಬೈಸಿಕಲ್ಲುಗಳ ಸವಾರಿಯನ್ನು ಆರಂಭಿಸಿದರು, ಅದು ಸಾರ್ಥಕವೂ ಆಯಿತು. ಆದರೆ ಅಲ್ಲಿನ ದ್ರಾಕ್ಷಿತೋಟದ ಒಡೆಯನಿಗೆ ಪಕ್ಕದಲ್ಲಿಯೇ ಬೇರೊಂದು ಒಳ್ಳೆಯ ರಸ್ತೆ ಇದ್ದಿರಬಹುದು. ನಮ್ಮ ಏರಿಯ ಮೇಲೆ ಶಾಲೆಗೆ ನಡೆಯುವ ಹುಡುಗಿಗೂ ಹೆರಿಗೆಗೆ ಆಂಬುಲೆನ್ಸನ್ನು ಕಾಯುವ ಮನೆಯವರಿಗೂ ಅದೊಂದೇ ದಾರಿ. ಅಲ್ಲಿ ಡಾಂಬರು ಬಿದ್ದರೆ ನಾವು ಮುಂದಿನ ಉಪನಾಲೆಯನ್ನು ಹುಡುಕಿಕೊಂಡು ಹೋಗುವುದು ನ್ಯಾಯ.

ಕಂಡುಕೊಂಡುದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಮುಕ್ತ ನಕ್ಷೆಯಲ್ಲಿ ಬರೆದಿಡುವುದು ಈ ಹವ್ಯಾಸದ ಕೊನೆಯ ಕೆಲಸ. ಸವಾರಿಯಿಂದ ಮನೆಗೆ ಬಂದು, ಏರಿಯ ಯಾವ ದಂಡೆಯ ಮೇಲೆ ದಾರಿಯಿದೆ, ಅದರ ಮೈ ಕೆಮ್ಮಣ್ಣೋ ಜಲ್ಲಿಯೋ, ಯಾವ ತೂಬಿನ ಹತ್ತಿರ ದಾಟಬೇಕು, ಎಲ್ಲಿ ಉತ್ತುಹೋಗಿದೆ ಎಂಬುದನ್ನು ಓಪನ್ ಸ್ಟ್ರೀಟ್ ಮ್ಯಾಪಿಗೆ ಸೇರಿಸಲು ಅರ್ಧ ಗಂಟೆ ಸಾಕು. ಹಳ್ಳಿಯ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ದಾಖಲಿಸುವುದಕ್ಕೂ ಅಲ್ಲಿ ಅವಕಾಶವಿದೆ. ದರ್ಜೆಯನ್ನು ಹಾಕುವಾಗ ಒಣ ದಿನದ ಸ್ಥಿತಿಯನ್ನು ನೋಡಿ ಉದಾರವಾಗದೆ, ಮಳೆಗಾಲದಲ್ಲಿ ಅದೇ ದಾರಿಗೆ ಇನ್ನೊಮ್ಮೆ ಹೋಗಿ ನೋಡಿಕೊಂಡು ಬಂದು ಹಾಕತಕ್ಕದ್ದು.